ಅಪ್ಪ ಎತ್ತಿಟ್ಟ ಹೆಂಚಿನ ಚೂರುಗಳು

ಸತ್ತೇಗಾಲದ ನಮ್ಮ ತೋಟದ ಬೋರ್‌ವೆಲ್ ನೀರಿನಲ್ಲಿ ಮ್ಯಾಂಗನೀಸ್ ಜಾಸ್ತಿ. ಸಿಮೆಂಟ್ ತೊಟ್ಟಿಯ ಒಳಗೋಡೆಗೆಲ್ಲ ಕಪ್ಪು ಪದರ ಕಟ್ಟುತ್ತದೆ. ಊರಿನವರಿಗೆ ಅದು ಕೊಳೆ, ನನಗೆ ಖನಿಜ. ನನ್ನ ಹೊಟ್ಟೆಪಾಡೂ ಅದೇ.

ನೀರಿನಲ್ಲಿ ತೀರಾ ಕಡಿಮೆ ಇರುವ ಸೆಲೆನಿಯಂ ಈ ಕಪ್ಪಿಗೆ ತಾಗಿದರೆ ಉತ್ಕರ್ಷಣಗೊಂಡು ಬೇರೆ ರೂಪಕ್ಕೆ ತಿರುಗುತ್ತದೆ. ಸೆಲೆನಿಯಂ ಪರಮಾಣುಗಳಲ್ಲಿ ಹಗುರವಾದವೂ ಇವೆ, ಭಾರದವೂ ಇವೆ. ರೂಪ ಬದಲಾಗುವಾಗ ಅವುಗಳ ಪಾಲು ಎಷ್ಟು ಏರುಪೇರಾಗುತ್ತದೆ ಎಂಬುದು ನನ್ನ ಪ್ರಶ್ನೆ. ಲ್ಯಾಬಿನ ಬಾಟಲಿಯಲ್ಲಿ ನೋಡಿದ್ದಾಗಿತ್ತು, ನಿಜವಾದ ನೀರಿನಲ್ಲಿ ನೋಡಬೇಕಿತ್ತು. ಕಪ್ಪು ಅಂಟಿಕೊಳ್ಳಲೆಂದು ಹಳೆಯ ಹೆಂಚಿನ ಚೂರುಗಳನ್ನು ನೈಲಾನ್ ದಾರದಲ್ಲಿ ಕಟ್ಟಿ ತೊಟ್ಟಿಗೆ ಇಳಿಬಿಟ್ಟೆ. ಹುಣ್ಣಿಮೆಗೊಂದರಂತೆ ತೆಗೆದು ಡಬ್ಬಿಯಲ್ಲಿಡುವ ಕೆಲಸ ಅಪ್ಪನಿಗೆ ವಹಿಸಿ ಮೈಸೂರಿನ ಲ್ಯಾಬಿಗೆ ಹೊರಟೆ.

"ಮೊರದಲ್ಲಿ ಜೊಳ್ಳು ಗಟ್ಟಿ ಬ್ಯಾರೆ ಮಾಡ್ದಂಗಾ ಕೂಸು?" ನನ್ನ ಹಗುರ-ಭಾರದ ಮಾತು ಕೇಳಿ ಅಂದ ಅಪ್ಪ.

ಅಷ್ಟು ಸುಲಭವಲ್ಲ. ಆದರೆ ಬಿಡಿಸಿ ಹೇಳುವ ತಾಳ್ಮೆ ನನಗೆ ಯಾವತ್ತೂ ಇಲ್ಲ. ಹೂಂ ಅಂದೆ. "ಇದ್ದಂಗೇ ಎತ್ತಿಡಪ್ಪ, ಜ್ವಾಪಾನ" ಅಂತಲೂ ಹೇಳಿದೆ. ಅವನು ಒಂದು ಹುಣ್ಣಿಮೆಯನ್ನೂ ತಪ್ಪಿಸಲಿಲ್ಲ. ಚಂದ್ರ ಮೂಡಿದ ಮೇಲೆ ಫೋನ್ ಬರುತ್ತಿತ್ತು: "ಎತ್ತಿಟ್ಟೆ ಕಣವ್ವ."

ಬೇಸಿಗೆಯ ಒಂದು ಮಧ್ಯಾಹ್ನ ಎದೆನೋವೆಂದು ಅಪ್ಪನನ್ನು ಕೊಳ್ಳೇಗಾಲದ ಆಸ್ಪತ್ರೆಗೆ ಕರೆದೊಯ್ದರು. ನಾನು ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ತೋಟದಲ್ಲೇ ಮಣ್ಣು ಮಾಡಿದೆವು. ಧನಗೆರೆಯ ಸೋದರತ್ತೆ ನನ್ನ ಭುಜ ಹಿಡಿದು ಅಲುಗಿಸಿ, "ಅತ್ಬುಡವ್ವ, ಒಳಗಿಟ್ಕಬ್ಯಾಡ" ಅಂದರು. ಒಳಗೆ ಏನಾದರೂ ಇದ್ದರೆ ತಾನೇ? ನನಗೆ ಏನೂ ಅನ್ನಿಸಲಿಲ್ಲ. ಕಾಫಿ ಕೊಟ್ಟರೆ ಕುಡಿದೆ, ಎಲೆ ಹಾಕಿದರೆ ಉಂಡೆ.

ಕಾರ್ಯವೆಲ್ಲ ಮುಗಿದು ನೆಂಟರು ಹೋದ ಮೇಲೆ ಡಬ್ಬಿಗಳು ನೆನಪಾದವು. ದೇವರ ಗೂಡಿನ ಕೆಳಗೆ ಸಾಲಾಗಿದ್ದವು. ಒಂದರ ಮುಚ್ಚಳ ತೆಗೆದೆ. ಹೆಂಚು ಕೆಂಪಗಿತ್ತು. ಇನ್ನೊಂದು ತೆಗೆದೆ, ಅದೂ ಕೆಂಪು. ಎಲ್ಲವೂ ಹಾಗೇ. ಕಪ್ಪಿನ ಸುಳಿವೇ ಇಲ್ಲ.

ಬಾಗಿಲಲ್ಲಿ ನಿಂತಿದ್ದ ಅವ್ವ ಹೇಳಿದಳು: "ನಿಮ್ಮಪ್ಪ ಉಣ್ಸೇಣ್ಣಾಕಿ ಉಜ್ಜುಜ್ಜಿ ತೊಳ್ದಿಡೋರು ಕಣವ್ವ. ಯಾಕ್ ಇಷ್ಟ್ ಪಾಡು ಅಂದ್ರೆ, ಓದೋ ಮಗೀಗೆ ಕೊಳೆ ಕಟ್ಟಿ ಕಳ್ಸಕಾದ್ದಾ ಅನ್ನೋರು."

ಹುಣಸೆಯ ಹುಳಿಗೆ ಮ್ಯಾಂಗನೀಸಿನ ಕಪ್ಪು ಬಿಡುತ್ತದೆ. ಚೊಕ್ಕಟವಾಗಿ ಬಿಟ್ಟಿತ್ತು. ನಾನು ಅಳೆಯಬೇಕಾದದ್ದೆಲ್ಲ ತೊಳೆದ ನೀರಿನ ಜೊತೆ ತೆಂಗಿನ ಬುಡ ಸೇರಿತ್ತು. ನನ್ನ ಸಿಟ್ಟು ಊರಿಗೇ ಗೊತ್ತು. ಅವತ್ತು ಅದೂ ಬರಲಿಲ್ಲ.

ತೊಟ್ಟಿಯ ಹತ್ತಿರ ಹೋದೆ. ಕೊನೆಯ ದಾರ ಇನ್ನೂ ನೀರಿನಲ್ಲಿತ್ತು. ಅದನ್ನು ಎತ್ತಬೇಕಿದ್ದ ಹುಣ್ಣಿಮೆಗೆ ಅಪ್ಪ ಇರಲಿಲ್ಲ, ಬೇರೆ ಯಾರಿಗೂ ಅದರ ಯೋಚನೆ ಇರಲಿಲ್ಲ. ಎಳೆದರೆ ಚೂರು ಕಪ್ಪಗೆ, ದಪ್ಪ ಪದರ ಕಟ್ಟಿಕೊಂಡು, ನನಗೆ ಹೇಗೆ ಬೇಕಿತ್ತೋ ಹಾಗೇ ಬಂತು. ಚಿಮಟದಲ್ಲಿ ಹಿಡಿದು ಡಬ್ಬಿಗೆ ಹಾಕಿದೆ.

ಹಿಂದೆಯೇ ಬಂದಿದ್ದ ಅವ್ವ, "ಅದ್ನೂ ತೊಳ್ಕೊಡ್ಲಾ?" ಅಂದಳು.

"ಬ್ಯಾಡವ್ವ" ಅಂದೆ.

ಅಳೆಯಬೇಕಾದರೆ ಆ ಕಪ್ಪನ್ನು ಆಮ್ಲದಲ್ಲಿ ಕರಗಿಸಲೇಬೇಕು. ಲ್ಯಾಬಿನಲ್ಲಿ ಕರಗಿಸಿದೆ. ಹಗುರ ಮತ್ತು ಭಾರದ ಪಾಲಿನಲ್ಲಿ ಬಹಳ ಸಣ್ಣ ವ್ಯತ್ಯಾಸ ಬಂತು. ಗ್ರಾಫಿನಲ್ಲಿ ಒಂದೇ ಚುಕ್ಕಿ, ಅಪ್ಪ ಇಲ್ಲದ ತಿಂಗಳದ್ದು. ಒಂದು ಚುಕ್ಕಿಯಿಂದ ಏನನ್ನೂ ಹೇಳಲಾಗದು ಎಂದು ನಾನೇ ಬರೆದೆ.

ಕಪ್ಪು ಕರಗಿ ಉಳಿದ ಹೆಂಚಿನ ಚೂರನ್ನು ಒಣಗಿಸಿ, ಊರಿನಿಂದ ತಂದ ಅಪ್ಪನ ಚೂರುಗಳಿದ್ದ ಟ್ರೇಯಲ್ಲಿಟ್ಟೆ. ಮರುದಿನ ನೋಡಿದರೆ ಎಲ್ಲವೂ ಒಂದೇ ಕೆಂಪು. ಯಾವುದು ಅಪ್ಪ ತೊಳೆದದ್ದು, ಯಾವುದು ನಾನು ತೊಳೆದದ್ದು ಗೊತ್ತಾಗಲಿಲ್ಲ. ಒಂದೊಂದಾಗಿ ಎತ್ತಿ ತಿರುವಿ ನೋಡುತ್ತ ಕೂತಿದ್ದಾಗ ಅಳು ಬಂತು.