ಆಕಳಿಸಿ ನೋಡುತ್ತಿದ್ದ ಕೊಟ್ರಪ್ಪ ಕಾಕಾ

ಕೊಟ್ರಪ್ಪ ಕಾಕಾ ಹೊಸಬರನ್ನು ಕಂಡರೆ ಮೊದಲು ಆಕಳಿಸುತ್ತಿದ್ದರು. ನಿದ್ದೆ ಬಂದಲ್ಲ, ಬೇಕೆಂತಲೇ. ಕೆಳಗಿನ ನಾಲ್ಕು ಹಲ್ಲು ಬಿಟ್ಟರೆ ಖಾಲಿಯಾಗಿದ್ದ ಬಾಯನ್ನು ಅಗಲಕ್ಕೆ ತೆರೆದು, ಉದ್ದಕ್ಕೆ ಎಳೆದು, ಕೊನೆಗೆ ಬಾಯ ಮುಂದೆ ಎರಡು ಚಿಟಿಕೆ ಹೊಡೆದು 'ಶಿವಾ' ಎನ್ನುತ್ತಿದ್ದರು. ಆಮೇಲೆ ಎದುರಿನವರ ಬಾಯನ್ನೇ ನೋಡುತ್ತಾ ಕೂರುತ್ತಿದ್ದರು. ಒಬ್ಬರ ಆಕಳಿಕೆ ಇನ್ನೊಬ್ಬರಿಗೆ ಅಂಟುತ್ತದಲ್ಲ, ಹಾಗೆ ಎದುರಿನವರೂ ಆಕಳಿಸಿದರೆ ಕಾಕಾನ ಮುಖ ಸಡಿಲವಾಗಿ, ಯಾವೂರು, ಯಾರ ಪೈಕಿ ಎಂದು ಮಾತು ಶುರುವಾಗುತ್ತಿತ್ತು. ಆಕಳಿಸಲಿಲ್ಲವೋ, ಮುಗಿಯಿತು. ಆ ಮನುಷ್ಯ ಅಂಗಡಿಯ ಮೆಟ್ಟಿಲಿಳಿದು ಹೋಗುವತನಕ ಅವರು ಅವನ ಮೇಲಿಟ್ಟ ಕಣ್ಣು ತೆಗೆಯುತ್ತಿರಲಿಲ್ಲ.

ಅಂಗಡಿ ನನ್ನದು. ಕೊಟ್ಟೂರಿನ ಬಸ್ ನಿಲ್ದಾಣದ ಹತ್ತಿರ ಜೆರಾಕ್ಸ್ ಮಾಡಿಕೊಡುತ್ತೇನೆ, ಪಹಣಿ ತೆಗೆದುಕೊಡುತ್ತೇನೆ, ಪಿಂಚಣಿ ಅರ್ಜಿ ತುಂಬಿಕೊಡುತ್ತೇನೆ. ಕಾಕಾ ನಮ್ಮ ಪಕ್ಕದ ಮನೆಯವರು. ಹೆಂಡತಿ ತೀರಿಕೊಂಡ ಮೇಲೆ ಮಗಳ ಜೊತೆ ಇದ್ದರು. ಬೆಳಿಗ್ಗೆ ಮಂಡಕ್ಕಿ ಒಗ್ಗರಣೆ ತಿಂದು, ಚಹಾ ಕುಡಿದು, ನನ್ನ ಅಂಗಡಿಯ ಬೆಂಚಿನ ಮೇಲೆ ಬಂದು ಕೂತರೆಂದರೆ ಮಧ್ಯಾಹ್ನದ ಊಟಕ್ಕೇ ಏಳುವುದು. ಯಾರೂ ಕರೆಯದಿದ್ದರೂ ತಾವಾಗಿ ಬಂದು ನಿಂತ ಕಾವಲುಗಾರ.

ಒಮ್ಮೆ ವಿಮೆ ಮಾಡಿಸುವವನೊಬ್ಬ ಬಂದು ಹೋದ. ಬಹಳ ಸಭ್ಯ. ಅವನು ಬೀದಿ ದಾಟುತ್ತಿದ್ದಂತೆಯೇ ಕಾಕಾ ನನ್ನ ಕಡೆ ಬಗ್ಗಿದರು.

"ಗಿರಿಜವ್ವಾ, ಆ ಮನಿಷ್ಯಾನ್ನ ನೋಡ್ದಿ? ಕುಂದರ್ರಿ ಅಂದ್ರ ಕುಂತ. ನಾಳಿ ಬರ್ರಿ ಅಂದ್ರ ಹೂಂ ಅಂದ. ಒಂದು ತಕರಾರರ ತಗೀಬೇಕೋ ಬ್ಯಾಡೋ? ಏನೋ ಐತಿ."

'ಏನೋ ಐತಿ' ಅವರ ದಿನದ ಮಾತು. ಹಾಲಿನವನು ಅಳತೆಗಿಂತ ಹೆಚ್ಚು ಹಾಕಿದರೆ ಏನೋ ಐತಿ. ಬಸ್ಸು ಸರಿಯಾದ ಹೊತ್ತಿಗೆ ಬಂದರೂ ಏನೋ ಐತಿ. ನನ್ನನ್ನು ನೋಡಲು ಹರಪನಹಳ್ಳಿಯಿಂದ ಗಂಡಿನ ಕಡೆಯವರು ಬಂದಾಗಲೂ ಕಾಕಾ ನಡುಮನೆಯಲ್ಲಿ ಕೂತು ಆಕಳಿಸಿದ್ದರು. ವರನ ಅಪ್ಪ ಆಕಳಿಸಿದರು, ಅವ್ವ ಆಕಳಿಸಿದರು, ಬಾಗಿಲಲ್ಲಿ ನಿಂತ ಕಾರಿನ ಡ್ರೈವರನೂ ಆಕಳಿಸಿದ. ವರ ಮಾತ್ರ ಅವಲಕ್ಕಿ ತಿನ್ನುತ್ತಾ ಕೂತಿದ್ದ. ಕಾಕಾ ಒಳಗೆ ಬಂದು ನಮ್ಮವ್ವನ ಕಿವಿಯಲ್ಲಿ, "ಬ್ಯಾಡವ್ವಾ ಈ ಸಂಬಂಧ" ಎಂದರು. ನಮ್ಮವ್ವ ಸೌಟು ತೋರಿಸಿ ಹೊರಗೆ ಕಳಿಸಿದಳು. ಅದೇ ವರನನ್ನು ಮದುವೆಯಾಗಿ, ಇದೇ ಊರಲ್ಲಿ ನೆಲೆಸಿ ಹದಿನಾರು ವರ್ಷವಾಯಿತು. ನಮ್ಮವರು ಇವತ್ತಿಗೂ ಯಾರ ಆಕಳಿಕೆಗೂ ಆಕಳಿಸುವುದಿಲ್ಲ. ಅದೊಂದು ಬಿಟ್ಟರೆ ಬೇರೆ ದೂರಿಲ್ಲ. ಆದರೂ ಒಮ್ಮೊಮ್ಮೆ ಅವರು ಸುಮ್ಮನೆ ಕೂತಿದ್ದಾಗ ನಾನೂ ಕದ್ದು ನೋಡುತ್ತೇನೆ, ಸುಳ್ಳೇಕೆ ಹೇಳಲಿ.

ಈ ಪರೀಕ್ಷೆ ಕಾಕಾನಿಗೆ ಸಿನಿಮಾದಿಂದ ಬಂದದ್ದು. ವಯಸ್ಸಿನಲ್ಲಿ ಅವರು ಊರೂರು ತಿರುಗುವ ಟೆಂಟ್ ಟಾಕೀಸಿನಲ್ಲಿ ಆಪರೇಟರ್ ಆಗಿದ್ದರು. ತೆಲಿಗಿ, ಅರಸೀಕೆರೆ, ಬಾಗಳಿ ಕಡೆಯೆಲ್ಲ ಅವರ ಟೆಂಟು ನಿಂತಿದೆ. ಇಂಗ್ಲಿಷ್ ಸಿನಿಮಾ ಬಂದರೆ ಮೈಕು ಹಿಡಿದು ಕನ್ನಡದಲ್ಲಿ ಕಥೆ ಹೇಳುವ ಕೆಲಸವೂ ಅವರದೇ. ಇಂಗ್ಲಿಷ್ ಅವರಿಗೂ ಬರುತ್ತಿರಲಿಲ್ಲ ಎನ್ನುವುದು ಬೇರೆ ಮಾತು. ಹಾಗೆ ಬಂದ ಒಂದು ಹಳೆಯ ಕಪ್ಪು-ಬಿಳುಪು ಭೂತದ ಸಿನಿಮಾ ಅವರ ತಲೆಯೊಳಗೆ ಹೊಕ್ಕು ಹೊರಗೆ ಬರಲೇ ಇಲ್ಲ. ಅದರ ಹೆಸರು ನೆನಪಿರಲಿಲ್ಲ. ಕಥೆಯನ್ನು ಮಾತ್ರ ನನಗೆ ನೂರು ಸಲ ಹೇಳಿದ್ದಾರೆ.

"ರೈಲು ಹೊಂಟೈತವ್ವಾ, ಸುತ್ತ ಬರೇ ಬರ್ಫು. ನಿಂದ್ರಾಕ ಸ್ಟೇಷನ್ನಿಲ್ಲ, ಇಳಿಯಾಕ ಊರಿಲ್ಲ. ಲಗೇಜ್ ಡಬ್ಬ್ಯಾಗ ಒಂದು ಪೆಟಗಿ, ಗಣಿಯಾಗ ಸಿಕ್ಕದ್ದು. ಬೆಳಗಾತು, ನೋಡ್ತಾರ, ಪೆಟಗಿ ಖಾಲಿ. ಒಳಗಿದ್ದದ್ದು ಒಬ್ಬ ಮನಿಷ್ಯಾನ್ನ ಮುಗಿಸಿ ಅವನ ರೂಪ ತೊಟ್ಟು ಅವರ ನಡುವೇ ಕುಂತೈತಿ. ಅದೇ ಮಾರಿ, ಅದೇ ಮಾತು. ಯಾರಂತ ಹ್ಯಾಂಗ ಹೇಳ್ತಿ?"

ಹೇಗೆಂದರೆ, ಆ ರೈಲಿನಲ್ಲಿ ದಪ್ಪ ಮೀಸೆಯ ಒಬ್ಬ ಟಿಕೆಟ್ ಸಾಹೇಬನಿದ್ದ. ಭೂತಕ್ಕೆ ಮನುಷ್ಯರದೆಲ್ಲ ಬರುತ್ತದೆ, ಇನ್ನೊಬ್ಬರ ಆಕಳಿಕೆ ಮಾತ್ರ ಅಂಟುವುದಿಲ್ಲ ಎಂದು ಅವನೇ ಕಂಡುಹಿಡಿದ. ಡಬ್ಬಿಯಿಂದ ಡಬ್ಬಿಗೆ ಹೋಗಿ ಒಬ್ಬೊಬ್ಬರ ಎದುರಿಗೂ ಆಕಳಿಸುತ್ತಾ ಬಂದ. ಕೊನೆಗೆ ಪರೀಕ್ಷೆಗೆ ಐದು ಜನ ಉಳಿದರು. ಮಗುವನ್ನು ತೊಡೆಯ ಮೇಲಿಟ್ಟುಕೊಂಡ ತಾಯಿ, ಡಾಕ್ಟರ, ಇಬ್ಬರು ವ್ಯಾಪಾರಿಗಳು, ಮೂಲೆಯಲ್ಲಿ ಕಂಬಳಿ ಹೊದ್ದ ಒಬ್ಬ ಮುದುಕ. ರೈಲು ಸುರಂಗದೊಳಗೆ ಹೋಯಿತು.

"ಆಮೇಲೆ?" ಎಂದು ನಾನು ಪ್ರತಿಸಲವೂ ಕೇಳುತ್ತಿದ್ದೆ.

"ಆಮ್ಯಾಲೇನು? ಕಡೀ ರೀಲು ಬಸ್ಸಿಗೆ ಬರಲೇ ಇಲ್ಲ."

ಅಷ್ಟೇ ಹೇಳಿ ಚಹಾಕ್ಕೆ ಎದ್ದುಹೋಗುತ್ತಿದ್ದರು. ನನಗೆ ಇಲ್ಲಿ ಅನುಮಾನ. ಪ್ರೊಜೆಕ್ಟರಿನ ಒಂದು ಸ್ಕ್ರೂ ಬಗ್ಗೆ ಅರ್ಧ ತಾಸು ಮಾತಾಡುವ ಮನುಷ್ಯ, ಇಷ್ಟು ದೊಡ್ಡ ಪೇಚನ್ನು ಒಂದೇ ಸಾಲಿಗೆ ಮುಗಿಸುವುದೆಂದರೇನು? ಟೆಂಟಿನ ಜನ ಕೊನೆ ಕಾಣದೆ ಸುಮ್ಮನೆ ಎದ್ದು ಹೋದರೇ? ಏನನ್ನೋ ಮುಚ್ಚಿಡುತ್ತಿದ್ದಾರೆ ಎಂದುಕೊಂಡೆ. ಅವರ ಜೊತೆ ಕೂತು ಕೂತು ಅವರ ಗುಣ ನನಗೂ ಬಂದಿತ್ತು.

ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ ಕಂಪ್ಯೂಟರಿನಲ್ಲಿ ಹುಡುಕಲು ಶುರು ಮಾಡಿದೆ. ರೈಲು, ಹಿಮ, ಪೆಟ್ಟಿಗೆ, ಆಕಳಿಕೆ ಎಂದು ತೋಚಿದ್ದೆಲ್ಲ ಬರೆದು ನೋಡಿದೆ. ಎರಡು ತಿಂಗಳಾದ ಮೇಲೆ ಒಂದು ದಿನ ದಪ್ಪ ಮೀಸೆಯ ಸಾಹೇಬ ಪರದೆಯ ಮೇಲೆ ಬಂದು ನಿಂತ. ಶಟರ್ ಅರ್ಧ ಇಳಿಸಿ ಕಾಕಾನನ್ನು ಕುರ್ಚಿಯಲ್ಲಿ ಕೂರಿಸಿದೆ. ಅವರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. ರೈಲು ಸುರಂಗ ಹೊಕ್ಕಾಗ ನನ್ನ ಮಣಿಕಟ್ಟು ಹಿಡಿದು, "ತಡಿ" ಎಂದರು. ನಿಲ್ಲಿಸಿದೆ. ಸ್ವಲ್ಪ ಹೊತ್ತು ಬಿಟ್ಟು, "ಹೂಂ, ಬಿಡು" ಎಂದರು.

ಸುರಂಗ ದಾಟಿ ಬೆಳಕಾಯಿತು. ಸಾಹೇಬ ಒಳಗೆ ಬಂದು ಬಾಗಿಲು ಹಾಕಿದ. ಅವನು ಬಾಯಿ ತೆರೆಯುವ ಮೊದಲೇ ತಾಯಿಯ ತೊಡೆಯ ಮೇಲಿದ್ದ ಮಗು ನಿದ್ದೆಗಣ್ಣಲ್ಲಿ ಆಕಳಿಸಿತು. ಅದನ್ನು ನೋಡಿ ತಾಯಿ, ಡಾಕ್ಟರ, ಇಬ್ಬರು ವ್ಯಾಪಾರಿಗಳು, ಕಂಬಳಿಯ ಮುದುಕ, ಎಲ್ಲರೂ ಒಬ್ಬರಾದ ಮೇಲೊಬ್ಬರು ಆಕಳಿಸಿದರು. ಸಾಹೇಬ ಆಕಳಿಸಲಿಲ್ಲ. ಎಲ್ಲರ ಎದುರಿಗೂ ಬೇಕೆಂತಲೇ ಆಕಳಿಸುತ್ತಾ ಬಂದವನು ಅವನು. ಅವನಿಗೆ ಇನ್ನೊಬ್ಬರದು ಅಂಟುತ್ತದೆಯೇ ಎಂದು ಆ ರೈಲಿನಲ್ಲಿ ಯಾರೂ ನೋಡಿರಲಿಲ್ಲ.

"ಮುದುಕ ಅಲ್ಲೇನು?" ಎಂದರು ಕಾಕಾ.

"ಅಲ್ರಿ ಕಾಕಾ. ಸಾಹೇಬಾನೇ."

"ಕಂಬಳಿ ಹೊದ್ದಾನಲ್ಲ, ಆ ಮುದುಕ ಅಲ್ಲ?"

ಮತ್ತೆ ಮತ್ತೆ ಕೇಳಿದರು. ಆಮೇಲೆ ಗೋಡೆ ನೋಡುತ್ತಾ, ಇಷ್ಟು ವರ್ಷ ಬಾಯಿ ಬಿಡದ ಮಾತನ್ನು ಹೇಳಿದರು.

ಬಾಗಳಿಯಿಂದಾಚೆಗಿನ ಒಂದು ಹಳ್ಳಿಯಲ್ಲಿ ಟೆಂಟು ಇತ್ತು. ಊರಿನ ಹೆಸರು ಇಲ್ಲಿ ಬೇಡ. ಕೊನೆಯ ರೀಲು ಬಾರದೆ ಸಿನಿಮಾ ಸುರಂಗದಲ್ಲೇ ನಿಂತಾಗ ಜನ ಗಲಾಟೆ ಎಬ್ಬಿಸಿದರು, ಪ್ರೊಜೆಕ್ಟರಿನ ಮೇಲೆ ಕಲ್ಲು ಬಿತ್ತು. ಕಾಕಾ ಮೈಕು ಹಿಡಿದು ಬಾಯಿಗೆ ಬಂದದ್ದು ಹೇಳಿದರು. ಭೂತ ಇದ್ದದ್ದು ಕಂಬಳಿಯ ಮುದುಕನಲ್ಲಿ, ಸಾಹೇಬ ಅವನನ್ನು ರೈಲಿನಿಂದ ಹೊರಗೆ ನೂಕಿದ, ಕಥೆ ಮುಗಿಯಿತು, ಮನೆಗೆ ಹೋಗಿ ಎಂದರು. ಜನ ಒಪ್ಪಿ ಹೋದರು.

ಆ ವಾರ ಊರ ಹೊರಗಿನ ಹೊಲವೊಂದರಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸಿದ್ದರು. ಕುರಿ ತಂದವನು ಹಗರಿಬೊಮ್ಮನಹಳ್ಳಿ ಕಡೆಯ ಬೀರಪ್ಪ. ಜೊತೆಗೆ ದಿನ ತುಂಬಿದ ಹೆಂಡತಿ. ಅವನೂ ಕಂಬಳಿ ಹೊದ್ದು ಬಂದು ಸಿನಿಮಾ ನೋಡಿದ್ದ. ಬೆಳಗಾಗುವುದರೊಳಗೆ ಊರಲ್ಲಿ ಎರಡು ಎತ್ತು ಮೇವು ಬಿಟ್ಟವು. ಗಂಡಸರು ಗುಂಪು ಕಟ್ಟಿಕೊಂಡು ಕುರಿ ನಿಂತಲ್ಲಿಗೆ ಹೋಗಿ, ಬೀರಪ್ಪನ ಎದುರು ಒಬ್ಬೊಬ್ಬರಾಗಿ ಆಕಳಿಸಿದರು. ಇವರಿಗೇನಾಯಿತು ಎಂದು ಅವನು ಪಿಳಿಪಿಳಿ ನೋಡಿದ. ಆಕಳಿಸಲಿಲ್ಲ. ಬಿಸಿಲೇರುವ ಮೊದಲೇ ಅವನನ್ನೂ ಕುರಿಯನ್ನೂ ಎಬ್ಬಿಸಿ ಓಡಿಸಿದರು.

"ನಾನೂ ಅಲ್ಲೇ ನಿಂತಿದ್ದೆ. ಕಥಿ ನಾ ಕಟ್ಟಿದ್ದು ಅಂತ ಒಂದು ಮಾತು ಅಂದಿದ್ರ ಸಾಕಾಗಿತ್ತು. ಟೆಂಟು ಸುಡ್ತಾರಂತ ಬಾಯಿ ಬಿಡಲಿಲ್ಲ."

"ಆಮೇಲಾದರೂ ಹೋಗಿ ತಪ್ಪಾತು ಅನ್ನಬಹುದಿತ್ತಲ್ಲ ಕಾಕಾ?"

ತೊಡೆಯ ಮೇಲಿದ್ದ ಟೋಪಿ ತಲೆಗಿಟ್ಟುಕೊಂಡರು. "ಬರ್ತಾ ಬರ್ತಾ ನಾ ಕಟ್ಟಿದ್ದು ನನಗೇ ಖರೇ ಅನಿಸಾಕತ್ತಿತವ್ವಾ. ಮುದುಕನೇ ಭೂತ ಆಗಿದ್ರ ನಾ ಸುಳ್ಳು ಹೇಳಿದಂಗ ಆಗಂಗಿಲ್ಲ. ಅದಕ್ಕ ಕಡೀ ರೀಲು ಬೇಕಾಗಿತ್ತು ನನಗ. ಇನ್ನ ಸಾಯೂದ್ರಾಗ ಒಮ್ಮಿ ಅವನ್ನ ಕಂಡು ತಪ್ಪಾತು ಅನಬೇಕು. ಇಲ್ಲಂದ್ರ ನನಗ ಜೀವ ಹೋಗಂಗಿಲ್ಲ."

ಅಂದಿನಿಂದ ಅವರು ಯಾರೆದುರೂ ಬೇಕೆಂದು ಆಕಳಿಸಲಿಲ್ಲ. ಅಂಗಡಿಗೆ ಆ ಕಡೆಯವರು ಯಾರು ಬಂದರೂ ನಾನು ಬೀರಪ್ಪನನ್ನು ಕೇಳತೊಡಗಿದೆ. ಮಳೆಗಾಲ ಕಳೆದ ಮೇಲೆ ಪಿಂಚಣಿಯ ಕಾಗದ ಹಿಡಿದು ಬಂದ ಹೆಣ್ಣುಮಗಳೊಬ್ಬಳು, "ನಮ್ಮ ಮಾವನ ಹೆಸರೂ ಬೀರಪ್ಪನೇ ಐತ್ರಿ, ಹಿಂದ ಬಾಗಳಿ ಕಡಿ ಕುರಿ ಒಯ್ತಿದ್ರಂತ" ಎಂದಳು. ಕಾಕಾ ಬೆಂಚಿನಿಂದ ಎದ್ದು ನಿಂತರು. ಅವಳು ಹೋದ ಮೇಲೆ, "ಇಷ್ಟು ಸಸಾರ ಸಿಕ್ಕಾನಂದ್ರ ಏನೋ ಐತಿ" ಎಂದು ಕೂತರು. ಅದು ಅನುಮಾನವಲ್ಲ, ಹೆದರಿಕೆ ಎಂದು ನನಗೆ ತಿಳಿಯಿತು.

ರೈಲಿಗೇ ಹೋದೆವು. ಕಾಕಾ ಜನ್ಮದಲ್ಲಿ ರೈಲು ಹತ್ತಿದವರಲ್ಲ. ಸೀಟಿನ ಕೆಳಗೆ ಬಗ್ಗಿ ನೋಡಿದರು, ಎದುರು ಕೂತವನ ಚೀಲದಲ್ಲೇನಿದೆ ಎಂದು ವಿಚಾರಿಸಿದರು, ಅವನು ಮೆಣಸಿನಕಾಯಿ ಎಂದದ್ದನ್ನು ಮುಟ್ಟಿ ನೋಡಿ ನಂಬಿದರು. ಹಗರಿಬೊಮ್ಮನಹಳ್ಳಿಯಲ್ಲಿ ಇಳಿದು, ಆಟೋ ಹಿಡಿದು ಆ ಹೆಣ್ಣುಮಗಳು ಹೇಳಿದ ಹಳ್ಳಿಗೆ ಹೋದೆವು.

ಬೀರಪ್ಪಜ್ಜ ಬೇವಿನ ಮರದ ಕೆಳಗೆ ಉಣ್ಣೆ ನೂಲುತ್ತಾ ಕೂತಿದ್ದರು. ಕಾಕಾ ಕೂರಲಿಲ್ಲ. ನಿಂತುಕೊಂಡೇ ಎಲ್ಲ ಹೇಳಿದರು. ಟೆಂಟು, ಸಿನಿಮಾ, ಮೈಕಿನಲ್ಲಿ ಆಡಿದ ಮಾತು. ಕೊನೆಗೆ ಕೈ ಮುಗಿದು, "ಆ ಮುದುಕ ಭೂತ ಆಗಿದ್ದಿಲ್ಲಪ್ಪ. ನಾ ಹೇಳಿದ್ದು ಸುಳ್ಳು. ತಪ್ಪಾತು" ಎಂದರು.

ಬೀರಪ್ಪಜ್ಜ ನೂಲುವುದನ್ನು ನಿಲ್ಲಿಸಲಿಲ್ಲ.

"ಆ ಊರಾ? ನೆನಪೈತಿ ತಗೋರಿ. ಬೆಳಗಾಗೆದ್ದು ಗಂಡಸರೆಲ್ಲ ನನ್ನ ಮುಂದ ನಿಂತು ಆಕಳಿಸಾಕತ್ತಿದ್ರು. ಊರಿಗೆ ಏನೋ ಬ್ಯಾನಿ ಬಂದೈತಿ, ಕುರಿಗೂ ತಗಲೀತು ಅಂತ ನಾನೇ ಎಬ್ಬಿಸ್ಕೊಂಡು ಬಂದೆ. ಯಾರೂ ಓಡಿಸಲಿಲ್ಲ ನನ್ನ. ಹಾದ್ಯಾಗ ಹಳ್ಳದ ದಂಡಿ ಮ್ಯಾಲ ನಮ್ಮಾಕಿ ಗಂಡುಮಗನ್ನ ಹಡದ್ಲು. ಛಲೋನೇ ಆತು. ಕುಂದರ್ರಿ, ಚಾ ಕುಡೀರಿ."

ನನಗೆ ನಗು ತಡೆಯಲಾಗಲಿಲ್ಲ. ಊರವರು ಅಜ್ಜನನ್ನು ಅನುಮಾನಿಸಿದರೆ ಅಜ್ಜ ಊರಿಗೆ ಊರನ್ನೇ ಅನುಮಾನಿಸಿದ್ದರು. ಬೀರಪ್ಪಜ್ಜನೂ ನಕ್ಕರು. ಕಾಕಾ ಚಹಾ ಕುಡಿದರು, ಮತ್ತೊಮ್ಮೆ ಕೈ ಮುಗಿದರು.

ವಾಪಸಿನ ರೈಲಿನಲ್ಲಿ ನಾನು ಹಗುರಾಗಿದ್ದೆ. "ನೋಡಿದ್ರಾ ಕಾಕಾ, ಇಷ್ಟು ವರ್ಷ ಸುಮ್ಮನೆ ಒಳಗೊಳಗೇ ಸುಟ್ಟುಕೊಂಡ್ರಿ" ಎಂದೆ.

"ಸುಳ್ಳು ಹೇಳಿದ ಅವ" ಎಂದರು.

ನನಗೆ ಸಿಟ್ಟೇ ಬಂತು. "ಇನ್ನಾದರೂ ಅನುಮಾನ ಬಿಡ್ರಿ. ತಪ್ಪಾತು ಅಂದ್ರಿ, ಅವರು ನಕ್ಕರು. ಇನ್ನೇನು ಬೇಕು ನಿಮಗೆ?"

"ಅನುಮಾನಲ್ಲವ್ವಾ. ಅವನ ಎಡಗಾಲು ನೋಡಲಿಲ್ಲೇನು ನೀನು? ಮೀನಖಂಡದ ತಾವ ಮಾಂಸಾನೇ ಇಲ್ಲ. ಆವತ್ತು ನಾಯಿ ಬಿಟ್ಟಿದ್ವಿ ಅವನ ಮ್ಯಾಲ."

"ಯಾರ ನಾಯಿ?" ಎಂದೆ.

"ಟೆಂಟು ಕಾಯಾಕ ಸಾಕಿದ ನಾಯಿ. ಸರಪಳಿ ಬಿಚ್ಚಿದವ ನಾನು. ಅವ ತಿರುಗಿ ನನ್ನ ಮಾರಿ ನೋಡಿದ್ದ. ಇವತ್ತು ಅದೊಂದು ಹೇಳಾಕ ಬಾಯಿ ಬರಲಿಲ್ಲ ನನಗ. ಅವನೂ ಕೇಳಲಿಲ್ಲ. ಯಾರೂ ಓಡಿಸಲಿಲ್ಲ ಅಂದು ಚಾ ಕುಡಿಸಿ ಕಳಿಸಿದ."

ಕೊಟ್ಟೂರು ಬರುವತನಕ ಕಾಕಾ ಕಿಟಕಿಯ ಕಡೆ ಮುಖ ಮಾಡಿ ಅಳುತ್ತಿದ್ದರು. ನಾನು ಸಮಾಧಾನ ಹೇಳಲಿಲ್ಲ, ಹೇಳುವ ಮನಸ್ಸೂ ಆಗಲಿಲ್ಲ. ಅವರ ಮೇಲೆ ನನಗೆ ಎಷ್ಟು ಪ್ರೀತಿಯಿತ್ತೋ ಅಷ್ಟೇ ಅಸಹ್ಯ ಆ ಹೊತ್ತಿನಲ್ಲಿ ಬಂದಿತ್ತು. ಸ್ಟೇಷನ್ನಿನಲ್ಲಿ ಇಳಿದ ಮೇಲೆ ಅವರೊಬ್ಬರೇ ಮುಂದೆ ಮುಂದೆ ನಡೆದು ಹೋದರು. ಅವರನ್ನು ನಡೆದಾಡುವಾಗ ಕಂಡದ್ದು ಅದೇ ಕೊನೆ. ಅಂಗಡಿಗೆ ಮತ್ತೆ ಬರಲಿಲ್ಲ. ಎರಡನೆಯ ವಾರ ಅವರ ಮಗಳು ಬೆಳಿಗ್ಗೆ ಬಂದು ಬಾಗಿಲು ಬಡಿದಳು.

ಬೀರಪ್ಪಜ್ಜನ ಸೊಸೆಯ ನಂಬರು ಪಿಂಚಣಿ ಅರ್ಜಿಯಲ್ಲಿತ್ತು. ಫೋನ್ ಮಾಡಿ ಸುದ್ದಿ ತಿಳಿಸಿದೆ, ಬರುತ್ತಾರೆಂದುಕೊಂಡಿರಲಿಲ್ಲ. ಮಣ್ಣು ಮಾಡುವ ಹೊತ್ತಿಗೆ ಬೀರಪ್ಪಜ್ಜ ಮಗನ ಭುಜ ಹಿಡಿದು, ಎಡಗಾಲು ಎಳೆಯುತ್ತಾ ಬಂದರು. ನೀವು ಯಾರ್ರಿ ಎಂದು ಕಾಕಾನ ಮಗಳು ಕೇಳಿದ್ದಕ್ಕೆ, "ಹಳೇ ಪರಿಚಯದವರವ್ವಾ" ಎಂದು, ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡರು.