ಮೊಹರ್ ಬಿಟ್ಟುಕೊಡದ ಮರ್ಜಿನಾ

ಬೆಳಗಿನ ಆಜಾನ್ ಮುಗಿದಿದೆ. ನದಿಯ ದೋಣಿ ಘಾಟಿನ ಓಣಿಯ ಬಾಯಲ್ಲಿ ಮರ್ಜಿನಾ ಬೇಗಂ ಕೆಂದು ಹಸುವಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ಹಾಲು ಕರೆಯುತ್ತಿದ್ದಾರೆ. ಮಧ್ಯಾಹ್ನ ಅವರ ಮಗಳು ಲಾಬೊನಿಯ ನಿಕಾಹ್. ಗಂಡನಾದವನು ಹೆಂಡತಿಗೆ ಕೊಡಲೇಬೇಕಾದ ಮೊಹರ್ ಈ ಹಸು. ಕರೆದು ನೋಡದೆ ಒಪ್ಪುವುದಿಲ್ಲ ಎಂದು ಅವರ ಹಟ.

"ಹಸು ಮೇಲೂ ಅನುಮಾನಾನಾ, ಆಪಾ?" ವರನ ಚಿಕ್ಕಪ್ಪ ಕಾಸೆಮ್ ಮಿಯಾ ಮೂಗು ಮುರಿಯುತ್ತಾರೆ.

"ಹಸು ಮೇಲಲ್ಲ ಭಾಯಿ, ಹೊಡ್ಕೊಂಡು ಬಂದವರ ಮೇಲೆ. ಹೋದ ವರ್ಷ ಒಬ್ಬ ಗೊಡ್ಡು ತಂದು ಕಟ್ಟಿದ್ದ."

ಪದ್ಮಾ ನದಿ ದಂಡೆಯ ಈ ಓಣಿಯ ತುಂಬ ಲೈಂಗಿಕ ವೃತ್ತಿಯ ಹೆಂಗಸರ ತಗಡಿನ ಮನೆಗಳು. ಮರ್ಜಿನಾ ಅವರಲ್ಲೊಬ್ಬರು. ಸಂಜೆಯಾದರೆ ಇವತ್ತಿಗೂ ಬಾಗಿಲಲ್ಲಿ ನಿಲ್ಲುತ್ತಾರೆ. ಅದನ್ನು ಯಾರಿಂದಲೂ ಮುಚ್ಚಿಡುವುದಿಲ್ಲ. ಹಗಲು ಅವರಿಗೆ ಕೂಲಿಯಿಲ್ಲದ ಇನ್ನೊಂದು ಕೆಲಸವಿದೆ. ಓಣಿಯ ಹೆಣ್ಣುಮಕ್ಕಳ ಮದುವೆಯಲ್ಲಿ ಖಾಜಿಯ ಎದುರು ಕೂತು ಮೊಹರ್ ಮಾತಾಡುತ್ತಾರೆ, ಅದು ಕೈಸೇರುವ ತನಕ ಜಪ್ಪಯ್ಯ ಅಂದರೂ ಏಳುವುದಿಲ್ಲ. ಹಸುವನ್ನೋ ಹೊಲಿಗೆ ಯಂತ್ರವನ್ನೋ ಕೇಳುತ್ತಾರೆ. ನೋಟಾದರೆ ವಾರದೊಳಗೆ ಗಂಡನ ಜೇಬಿಗೆ ವಾಪಸು ಎಂಬುದು ಅವರ ಅನುಭವ.

"ನನ್ನ ಮೊದಲ ರಾತ್ರಿ ಗಂಡ ಕೈ ಹಿಡಿದು, ಮೊಹರ್ ಮಾಫ್ ಮಾಡು, ಬಿಟ್ಟುಕೊಡು ಅಂದ. ಇಲ್ಲಿ ಎಲ್ಲಾ ಹೆಂಡ್ತೀರೂ ಮಾಡ್ತಾರೆ. ಅದನ್ನೇ ಪ್ರೀತಿ ಅಂದ್ಕೊಂಡು ತಲೆ ಆಡಿಸ್ದೆ," ಎನ್ನುತ್ತಾರೆ ಮರ್ಜಿನಾ.

ನಾಲ್ಕು ವರ್ಷದ ಮೇಲೆ ಆತ ಅಂಗಳದಲ್ಲಿ ನಿಂತು ತಲಾಖ್ ಎಂದ. ಬಾಯಿಮಾತು ಕಾನೂನಿಗೆ ಸಾಲದು, ಪಂಚಾಯಿತಿ ಛೇರ್ಮನ್ನರಿಗೆ ನೋಟಿಸು ಹೋಗಬೇಕು, ತಲಾಖಿನ ನಂತರ ಕಾಯುವ ಇದ್ದತ್ತಿನ ತಿಂಗಳುಗಳ ಖರ್ಚು ಗಂಡನದೇ ಎಂದು ಆಗ ಯಾರೂ ಹೇಳಲಿಲ್ಲ. ಕಂಕುಳಲ್ಲಿ ಹಸುಗೂಸು, ತವರಿನಲ್ಲಿ ಗಂಜಿಗೂ ತತ್ವಾರ. ಮರ್ಜಿನಾ ಘಾಟಿಗೆ ಬಂದರು. ಇಲ್ಲಿನ ದುಡಿಮೆಯಿಂದಲೇ ತವರಿಗೆ ಸೂರು ಬಂತು, ತಮ್ಮನಿಗೆ ಸೈಕಲ್ ವ್ಯಾನ್ ಬಂತು, ಅಜ್ಜಿಯ ಬಳಿ ಬೆಳೆದ ಲಾಬೊನಿ ನರ್ಸ್ ಆದಳು. ಆ ತಮ್ಮ ಮಾತ್ರ ದಾರಿಯಲ್ಲಿ ಸಿಕ್ಕರೆ ಮುಖ ತಿರುಗಿಸುತ್ತಾನೆ.

"ಉಂಡಾಗ ಹೊಟ್ಟೆಗೆ ಆಗದ ನಾಚಿಕೆ ಈಗ ಮುಖಕ್ಕೆ ಆಗತ್ತಂತೆ," ಎಂದು ನಗುತ್ತಾರೆ.

ಇಂದು ಅವರನ್ನು ಕಾಡುತ್ತಿರುವ ಭಯ ಬೇರೆ. ಹಸುವೇನೋ ಬಂದಿದೆ. ಹುಡುಗ ತೊಜಮ್ಮೆಲ್‌ನನ್ನು ಮಗಳೇ ಮೆಚ್ಚಿದ್ದಾಳೆ. ರಾತ್ರಿ ಅವನು ಕೈ ಹಿಡಿದು ಕೇಳಿದರೆ ಇವಳೂ ತಲೆ ಆಡಿಸಿಬಿಟ್ಟರೆ? ಆ ಕೋಣೆಯೊಳಗೆ ತಾಯಿ ಹೋಗಿ ಕೂರಲಾಗುವುದಿಲ್ಲ.

ಮಧ್ಯಾಹ್ನ ಖಾಜಿ ಬಂದಿದ್ದಾರೆ. ಕಾಸೆಮ್ ಮಿಯಾ ಎಲ್ಲರಿಗೂ ಕೇಳುವಂತೆ ತಮಾಷೆ ಮಾಡುತ್ತಾರೆ: "ಹಸು ಇವತ್ತೊಂದಿನ ಇಲ್ಲಿರಲಿ. ರಾತ್ರಿ ಹುಡುಗಿ ಮಾಫ್ ಮಾಡ್ತಾಳೆ, ನಾಳೆ ಹೊಡ್ಕೊಂಡು ಹೋಗ್ತೀವಿ." ಗಂಡಸರು ನಗುತ್ತಾರೆ. ಮರ್ಜಿನಾ ನಗುವುದಿಲ್ಲ.

ಖಾಜಿ ಒಪ್ಪಿಗೆ ಕೇಳುತ್ತಾರೆ. ಪರದೆಯ ಹಿಂದಿನಿಂದ ಲಾಬೊನಿಯ ದನಿ ಬರುತ್ತದೆ.

"ಚಿಕ್ಕಪ್ಪ ಹೇಳಿದ್ದು ಕೇಳಿಸ್ತು. ನಾನು ಇವತ್ತೂ ಮಾಫ್ ಮಾಡಲ್ಲ, ಯಾವತ್ತೂ ಮಾಡಲ್ಲ. ಅದು ಸರಿ ಅಂತ ನನ್ನ ಕೈ ಹಿಡಿಯೋರು ಎಲ್ಲರ ಮುಂದೆ ಹೇಳಲಿ, ಆಮೇಲೆ ಕಬೂಲ್ ಅಂತೀನಿ."

ತೊಜಮ್ಮೆಲ್ ಕೆಂಪಾಗುತ್ತಾನೆ. "ಅದು ಅವಳದೇ. ನಾನು ಕೇಳಲ್ಲ," ಎನ್ನುತ್ತಾನೆ. ಮರ್ಜಿನಾ ಸೆರಗಿನಲ್ಲಿ ಮುಖ ಒರೆಸಿಕೊಂಡು ಖಾಜಿಗೆ ಶರಬತ್ತು ಕೊಡುತ್ತಾರೆ.

ಸಂಜೆ ಮದುವೆ ದೋಣಿ ಹೊರಟುಹೋಗಿದೆ. ಹಳೆಯ ಗಿರಾಕಿಯೊಬ್ಬ ಬಂದು ಬಾಗಿಲು ತಟ್ಟುತ್ತಾನೆ. ಮರ್ಜಿನಾ ಒಳಗಿನಿಂದಲೇ ಉತ್ತರ ಕೊಡುತ್ತಾರೆ.

"ಇವತ್ತು ಬಾಗಿಲು ತೆಗೆಯಲ್ಲಪ್ಪಾ. ಇವತ್ತು ನಾನು ಹೆಣ್ಣಿನ ತಾಯಿ."