ಬರಣಿಯೊಳಗಿನ ಸಣ್ಣ ಸೊಸೆ

ನಾವು ಜೇಡ ಸಾಕಿದ್ದೆವು ಎಂದರೆ ನನ್ನ ಮೊಮ್ಮಕ್ಕಳು ಇವತ್ತಿಗೂ ನಂಬುವುದಿಲ್ಲ. ಮೂಲೆಯಲ್ಲಿ ಬಲೆ ಕಟ್ಟಿಕೊಂಡು ಕಸಬರಿಗೆಯ ಏಟಿಗೆ ಕಾಯುವ ಬಡಪಾಯಿ ಜೇಡವಲ್ಲ ಅದು. ಕಾಲು ಚಾಚಿದರೆ ನನ್ನ ಅಂಗೈ ತುಂಬುವಷ್ಟು ದೊಡ್ಡದು, ಮೈತುಂಬ ಕಂದು ಕೂದಲು, ನೆಲದಲ್ಲಿ ಬಿಲ ತೋಡಿಕೊಂಡು ಬಾಳುವ ಜಾತಿ. ಅಂಥದ್ದನ್ನು ಮನೆಯಲ್ಲಿಟ್ಟು ಪ್ರೀತಿಸುವವರಿಗೆ ತಲೆ ನೆಟ್ಟಗಿಲ್ಲ ಎಂದು ಯಾರಾದರೂ ಅಂದರೆ ನಾನು ಜಗಳಕ್ಕೆ ಹೋಗುವುದಿಲ್ಲ. ಮೊದಲು ನಾನೂ ಹಾಗೇ ಅಂದವಳು.

ಎಪ್ಪತ್ತರ ದಶಕದ ಮಾತು. ವಿಜಾಪುರದಲ್ಲಿ ಹುಟ್ಟಿ, ಗೋಳಗುಮ್ಮಟದ ಬಯಲಿನಲ್ಲಿ ಆಡಿ ಬೆಳೆದ ನನ್ನನ್ನು ತಿಕೋಟಾಕ್ಕೆ ಕೊಟ್ಟರು. ಗಂಡ ಬಬಲೇಶ್ವರದಲ್ಲಿ ಮಾಸ್ತರ. ಅಲ್ಲಿಯೇ ಖೋಲಿ ಮಾಡಿಕೊಂಡಿದ್ದು ಶನಿವಾರ ಮಧ್ಯಾಹ್ನ ಊರಿಗೆ ಬರುತ್ತಿದ್ದರು. ಉಳಿದ ದಿನ ಮನೆಯಲ್ಲಿ ಅತ್ತೆ, ಮಾವ, ನಾನು ಮೂವರೇ. ಅತ್ತೆಯ ಬಾಯಿಗೆ ಬಿಡುವಿಲ್ಲ, ಮಾವನ ಬಾಯಿ ತೆರೆಯುವುದಿಲ್ಲ. ಸೊಸೆ ಮಾವನ ಮುಂದೆ ನಿಂತು ಮಾತಾಡುವ ರೂಢಿಯೂ ಆಗ ಇರಲಿಲ್ಲ. ತಲೆ ಮೇಲೆ ಸೆರಗು ಹೊದ್ದು ಬಾಗಿಲ ಮರೆಯಲ್ಲಿ ನಿಲ್ಲಬೇಕು, ಏನಿದ್ದರೂ ಅತ್ತೆಯ ಮೂಲಕ ಹೇಳಬೇಕು. ಹಗಲೆಲ್ಲ ವಟವಟ ಅನ್ನುತ್ತ ಬೆಳೆದವಳಿಗೆ ಬಾಯಿಗೆ ಬೀಗ ಜಡಿದಂತಾಗಿತ್ತು.

ಆ ವರ್ಷ ಮಾವ ತೋಟದಲ್ಲಿ ದ್ರಾಕ್ಷಿ ಹಚ್ಚಲು ಹಾರೆಯಿಂದ ಗುಂಡಿ ತೋಡುತ್ತಿದ್ದರು. ಒಂದು ಸಂಜೆ, ಕಿರಾಣಿ ಅಂಗಡಿಯವರು ಪೆಪ್ಪರಮಿಂಟು ಹಾಕಿಡುವಂಥ ಗಾಜಿನ ಬರಣಿಯೊಂದನ್ನು ಎದೆಗವಚಿಕೊಂಡು ಬಂದರು. ಒಳಗೆ ಹಸಿ ಮಣ್ಣು, ಒಡೆದ ಗಡಿಗೆಯ ತುಣುಕು, ಅದರ ಕೆಳಗೆ ಎಂಟು ಕಾಲು.

“ಯಪ್ಪಾ! ಏನ್ರಿ ಅದು?” ಅತ್ತೆ ಒಲೆಯ ಮುಂದಿನಿಂದ ಎದ್ದೇಬಿಟ್ಟರು.

“ಜ್ಯಾಡ. ನಾ ಹಾರಿ ಹಾಕಿದ ಕೂಡ್ಲೇ ಪಾಪ ಅದರ ಮನಿ ಬಿತ್ತು. ಬಾಗಲಾ ಎಷ್ಟ ಚಂದ ನೇಯ್ದಿತ್ತು ಗೊತ್ತೇನ?”

“ಮದಲ ಹೊರಗ ಒಗೀರಿ ಅದನ್ನ!”

“ಮನಿ ಕೆಡವಿದವ ನಾ. ಇನ್ನೊಂದು ಮನಿ ಕೊಡಾವನೂ ನಾನ.”

ಅಷ್ಟು ಮಾತನ್ನು ಮಾವ ಒಟ್ಟಿಗೆ ಆಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅತ್ತೆಯ ಹಳೇ ಸೀರೆಯ ಚೂರು ಬರಣಿಯ ಬಾಯಿಗೆ ಬಿತ್ತು, ಸುತ್ತಲೂ ದಾರ ಬಿಗಿಯಿತು, ಪಡಸಾಲೆಯ ಗೋಡೆಯ ಗೂಡಿನಲ್ಲಿ ಜಾಗ ಸಿಕ್ಕಿತು. ಮೊದಮೊದಲು ನಾನು ಆ ಗೂಡಿನ ಕಡೆ ಬೆನ್ನು ಮಾಡಿಯೂ ಕೂಡುತ್ತಿರಲಿಲ್ಲ. ಅತ್ತೆ ಮಾತ್ರ ಎರಡೇ ದಿನಕ್ಕೆ ಸಿಟ್ಟು ಬಿಟ್ಟು ಓಣಿಯ ತುಂಬ ಸಾರಿಕೊಂಡು ಬಂದರು. “ನಮ್ಮ ಮನಿಗಿ ಈ ವರ್ಷ ಇಬ್ಬರು ಸೊಸ್ತೇರು ಬಂದಾರ ನೋಡ್ರಿ. ದೊಡ್ಡಾಕಿ ರೊಟ್ಟಿ ಬಡೀತಾಳ, ಸಣ್ಣಾಕಿ ಕುಂತ ತಿಂತಾಳ.” ಅಂದಿನಿಂದ ಅದರ ಹೆಸರು ಸಣ್ಣ ಸೊಸೆ.

ಮೋಹ ಒಮ್ಮೆಲೇ ಬರಲಿಲ್ಲ. ಒಂದು ದಿನ ಕಸ ಹೊಡೆಯುತ್ತ ಹಣಕಿ ನೋಡಿದೆ. ಅದು ಮಣ್ಣಿನ ಹರಳೊಂದನ್ನು ಬಾಯಲ್ಲಿ ಹಿಡಿದು, ಒಂದೊಂದೇ ಕಾಲಿಡುತ್ತ, ಗಡಿಗೆಯ ತುಣುಕಿನ ಕೆಳಗಿಂದ ಹೊರಗೆ ತಂದಿಟ್ಟಿತು. ಮತ್ತೆ ಒಳಗೆ ಹೋಯಿತು, ಮತ್ತೊಂದು ತಂದಿತು. ನಾನು ಪಡಸಾಲೆಯ ಕಸ ಹೊಡೆಯುತ್ತಿದ್ದೆ, ಅದು ತನ್ನ ಮನೆಯದು. ಪರವೂರಿಗೆ ಬಂದು ಬಿದ್ದರೂ ಹೊಸ ಮನೆ ಹಸನು ಮಾಡಿಕೊಳ್ಳುತ್ತಿದೆಯಲ್ಲ ಎಂದು ಕಸಬರಿಗೆ ಹಿಡಿದುಕೊಂಡೇ ನಿಂತುಬಿಟ್ಟೆ. ಆಮೇಲೆ ದಿನಾ ನೋಡತೊಡಗಿದೆ. ಚಿಪ್ಪಿನಲ್ಲಿಟ್ಟ ನೀರಿಗೆ ಮುಖವಿಟ್ಟು ಸುಮ್ಮನೆ ಕೂಡುವುದು, ಮುಂಗಾಲನ್ನು ಬಾಯಲ್ಲಿ ಎಳೆದು ತೊಳೆದುಕೊಳ್ಳುವುದು. ಕೊನೆಗೆ ಜೋಳದ ಕಣಜದ ಹಿಂದೆ ಅದಕ್ಕೆ ತಿನ್ನಿಸಲು ಜೊಂಡಿಗ ಹಿಡಿಯುತ್ತ ಅತ್ತೆಯ ಕೈಗೆ ಸಿಕ್ಕಿಬಿದ್ದೆ. ಗಂಡನೂ ಶನಿವಾರ ಬರುವಾಗ ಬಬಲೇಶ್ವರದ ಹೊಲದ ಮಿಡತೆಯನ್ನು ಕಡ್ಡಿಪೆಟ್ಟಿಗೆಯಲ್ಲಿ ಹಾಕಿಕೊಂಡು ಬರತೊಡಗಿದರು. ಬೇರೆಯವರ ಗಂಡಂದಿರು ಮಲ್ಲಿಗೆ ತರುತ್ತಿದ್ದರು.

ಇನ್ನೊಂದು ಲಾಭವೂ ಆಯಿತು. ಮಾವ ಬರಣಿಯ ಮುಂದೆ ಕೂತು, “ಇವತ್ತ ಚಾದಾಗ ಸಕ್ಕರಿ ಮರತಾರ ನೋಡು,” ಎಂದು ಜೇಡಕ್ಕೆ ಹೇಳುತ್ತಿದ್ದರು. ನಾನು ಬಾಗಿಲ ಮರೆಯಿಂದ, “ನಿನ್ನೆ ಸಕ್ಕರಿ ಜಾಸ್ತಿ ಆತು ಅಂದವರ್ಯಾರಂತ ಕೇಳು,” ಎಂದು ಜೇಡಕ್ಕೇ ಹೇಳುತ್ತಿದ್ದೆ. ರೂಢಿ ಮುರಿಯಲಿಲ್ಲ, ಮಾತೂ ನಿಲ್ಲಲಿಲ್ಲ. ಸಣ್ಣ ಸೊಸೆ ಇಬ್ಬರ ಮಾತನ್ನೂ ಕೇಳಿಕೊಂಡು ತನ್ನಷ್ಟಕ್ಕೆ ಕೂತಿರುತ್ತಿತ್ತು.

ಶ್ರಾವಣ ಬಂತು. ಮದುವೆಯಾದ ಮೇಲಿನ ಮೊದಲ ಪಂಚಮಿ. ತವರಿನ ಜೋಕಾಲಿ, ಅವ್ವ ಕಟ್ಟುವ ಶೇಂಗಾ ಉಂಡಿ, ಗೆಳತಿಯರ ಗದ್ದಲ ನೆನೆಸಿಕೊಂಡು ತಿಂಗಳ ಮೊದಲೇ ಮನಸ್ಸಿನಲ್ಲಿ ಗಂಟು ಕಟ್ಟಿದ್ದೆ. ಅದೇ ಹೊತ್ತಿಗೆ ಸಣ್ಣ ಸೊಸೆ ಊಟ ಬಿಟ್ಟಿತು. ಜೊಂಡಿಗ ಮೈಮೇಲೆ ಹತ್ತಿದರೂ ಕದಲಲೊಲ್ಲದು. ಮೈಬಣ್ಣ ಮಾಸಿತು. ನಾಗಚೌತಿಯ ಮುಂಜಾನೆ ನೋಡಿದರೆ, ನೆಲಕ್ಕೆ ಬಿಳಿ ನೂಲು ಹಾಸಿ, ಅದರ ಮೇಲೆ ಅಂಗಾತ ಬಿದ್ದಿತ್ತು. ಎಂಟೂ ಕಾಲು ಮೇಲೆ.

“ಹೋತು,” ಎಂದರು ಮಾವ. ಎದ್ದು ಗುದ್ದಲಿ ತಗೊಂಡರು.

ಅತ್ತೆ ಬಾಗಿಲಿಗೆ ಅಡ್ಡ ನಿಂತರು. “ಏನ್ ಮಾಡಾಕತ್ತೀರಿ? ಚೌತಿ, ಪಂಚಮಿ ಎರಡೂ ದಿನ ನೆಲ ಅಗೀಬಾರದಂತ ಗೊತ್ತಿಲ್ಲೇನು? ನಾಗಪ್ಪಗ ಪೆಟ್ಟಾಗತೈತಿ. ತಿಪ್ಪಿಗಿ ಹಾಕ್ರಿ.”

“ತಿಪ್ಪಿಗಿ ಹಾಕಾಕ ಕಸ ಅಲ್ಲ ಅದು.” ಮಾವ ಗುದ್ದಲಿ ಗೋಡೆಗಿಟ್ಟು ಬರಣಿಯ ಮುಂದೆ ಕೂತರು. “ಹಬ್ಬ ಆಗ್ಲಿ. ನಾಡದು ತ್ವಾಟದಾಗ ಮಣ್ಣ ಮಾಡ್ತೀನಿ.” ರೊಟ್ಟಿಗೆ ಕರೆದರೆ ಏಳಲಿಲ್ಲ. ತಾನು ಕೆಡವಿದ್ದು ಮನೆಯನ್ನಷ್ಟೇ ಅಲ್ಲ, ಜೀವವನ್ನೂ ಎಂಬ ಸಂಕಟ ಅವರ ಮುಖದಲ್ಲಿತ್ತು. ನಾನು ಅಡುಗೆಮನೆಯಲ್ಲಿ ಕೂತು ಕಣ್ಣೀರು ಹಾಕಿದೆ. ಜೇಡಕ್ಕಾಗಿ ಅಳುತ್ತಿದ್ದೇನೆ ಎಂದು ನಾಚಿಕೆಯೂ ಆಯಿತು, ಅಳುವೂ ನಿಲ್ಲಲಿಲ್ಲ.

ಮಧ್ಯಾಹ್ನ ಅಣ್ಣ ಕರೆಯಲು ಬಂದ. ನಾನು ಗಂಟು ಎತ್ತಲಿಲ್ಲ.

“ನಾಳೆ ಮುಂಜಾನಿ ಬಸ್ಸಿಗಿ ಹೋಗೂಣು,” ಎಂದೆ.

“ಯಾಕ? ಯಾರಿಗರ ಆರಾಮಿಲ್ಲೇನ?”

“ಜ್ಯಾಡ ತೀರಿಕೊಂಡೈತಿ. ಮಾವ ಉಂಡಿಲ್ಲ. ಅವರನ್ನ ಹಂಗ ಬಿಟ್ಟು ಹೆಂಗ ಬರ್ಲಿ?”

ಅಣ್ಣ ನನ್ನನ್ನೂ ಗೂಡನ್ನೂ ನೋಡಿದ. “ಲೇ, ಜ್ಯಾಡ ಸತ್ತೈತಿ, ಅದಕ್ಕ ಮಗಳು ಬರಲಿಲ್ಲಂತ ಅವ್ವಗ ಹೆಂಗ ಹೇಳ್ಲೇ ನಾ? ಊರ ಮಂದಿ ನಗೂದಿಲ್ಲೇನ?” ಅಂದವನು ಕಡೆಗೆ ಅತ್ತೆ ಕೊಟ್ಟ ಉಂಡಿ ತಿನ್ನುತ್ತ ಉಳಿದುಕೊಂಡ.

ದೀಪ ಹಚ್ಚುವ ಹೊತ್ತಿಗೆ ಮಾವ ಕೂತಲ್ಲಿಯೇ ಕಂಬಕ್ಕೆ ಒರಗಿ ಕಣ್ಣು ಮುಚ್ಚಿದ್ದರು. ಇರುವೆ ಮುತ್ತಿದ್ದಾವೋ ಏನೋ ಎಂದು ನಾನು ದೀಪ ಹಿಡಿದು ಬರಣಿಯ ಹತ್ತಿರ ಹೋದೆ. ಹೆಣ ಹರಿದಿತ್ತು. ಆ ಹರುಕಿನಿಂದ ಹಸಿಹಸಿಯಾದ, ಬಿಳಿಚಿದ ಕಾಲೊಂದು ಹೊರಗೆ ಬರುತ್ತಿತ್ತು. ಬೆವೆತ ತೋಳಿನಿಂದ ಬಿಗಿಯಾದ ಕುಪ್ಪಸ ಬಿಚ್ಚುವ ಹಾಗೆ, ಎಳೆದು, ತಡೆದು, ಮತ್ತೆ ಎಳೆದು. ಅದರ ಹಿಂದೆ ಇನ್ನೊಂದು ಕಾಲು.

“ಮಾವಾ!” ಸೆರಗು ಎಲ್ಲಿತ್ತೋ, ನಾನೆಲ್ಲಿದ್ದೆನೋ. “ಮಾವಾ, ಏಳ್ರಿ! ಸತ್ತಿಲ್ಲ! ಪೊರಿ ಬಿಡಾಕತ್ತಾಳ!”

ಎಲ್ಲರೂ ಓಡಿ ಬಂದರು. ಹುತ್ತಕ್ಕೆ ಹಾಲೆರೆಯುವ ಮಂದಿ ನಾವು. ಬೇಲಿಯಲ್ಲಿ ನಾಗಪ್ಪನ ಪೊರೆ ಕಂಡರೆ ಕೈಮುಗಿಯುವವರು. ಜೇಡವೂ ಪೊರೆ ಬಿಟ್ಟೀತು ಎಂದು ಒಬ್ಬರಿಗೂ ಹೊಳೆದಿರಲಿಲ್ಲ. ಅತ್ತೆ ತಡೆಯದಿದ್ದರೆ ಮುಂಜಾನೆಯೇ ಜೀವಂತ ಹೂಳಿಬಿಡುತ್ತಿದ್ದೆವು. ಅತ್ತೆ ಗೂಡಿಗೇ ಕೈಮುಗಿದು, “ನೆಲ ಅಗೀಬ್ಯಾಡ್ರಿ ಅಂದಿದ್ನೋ ಇಲ್ಲೋ?” ಎಂದು ಬೀಗಿದರು. ತಿಪ್ಪೆಯ ಮಾತನ್ನು ಯಾರೂ ನೆನಪಿಸಲಿಲ್ಲ. ಮಾವ ಕಣ್ಣೊರೆಸಿಕೊಂಡು ಬರಣಿಗೆ, “ನಿನ್ನ ಸಲುವಾಗಿ ಒಬ್ಬಾಕಿ ತವರಿನ ಬಸ್ ಬಿಟ್ಟಾಳ, ಗೊತ್ತೈತೇನ?” ಎಂದರು. ಆಮೇಲೆ ನಾಲ್ಕು ರೊಟ್ಟಿ ಉಂಡರು.

ಮರುದಿನ ತವರಿಗೆ ಹೋದೆ. ಜೋಕಾಲಿ ಆಡಿದೆ, ಉಂಡಿ ತಿಂದೆ, ಹದಿನೈದು ದಿನ ಮನಸಾರೆ ಇದ್ದೆ. ವಾಪಸ್ಸು ಬರುವಾಗ ನನ್ನ ಕೈಯಲ್ಲಿ ಎರಡು ಡಬ್ಬಿ. ಒಂದರಲ್ಲಿ ಅವ್ವ ಕಟ್ಟಿಕೊಟ್ಟ ಉಂಡಿ. ಮುಚ್ಚಳಕ್ಕೆ ತೂತು ಹೊಡೆದ ಇನ್ನೊಂದರಲ್ಲಿ, ಗುಮ್ಮಟದ ಬಯಲಿನ ಹುಲ್ಲಿನಲ್ಲಿ ನಾನೂ ಅಣ್ಣನೂ ಬೈದಾಡಿಕೊಂಡು ಹಿಡಿದ ಮಿಡತೆಗಳು.

ಮಾವ ಪಡಸಾಲೆಯಲ್ಲಿದ್ದರು. ಸಣ್ಣ ಸೊಸೆ ಹೊಸ ಮೈಯಲ್ಲಿ ಮಿರಮಿರ ಮಿಂಚುತ್ತಿತ್ತು.

“ಪೊರಿ ಬಿಟ್ಟಾಗಿಂದ ಒಂದ ಹುಳಾನೂ ಮುಟ್ಟಿಲ್ಲ,” ಎಂದರು ಬರಣಿಯ ಕಡೆ ತಿರುಗಿ.

ನಾನು ಡಬ್ಬಿ ಮುಂದಿಟ್ಟೆ. “ತವರಿನ ಬುತ್ತಿ ತಂದೇನಂತ ಹೇಳ್ರಿ ಆಕಿಗೆ.”

ಮಾವ ದಾರ ಬಿಚ್ಚಿ ಮಿಡತೆಯೊಂದನ್ನು ಒಳಗೆ ಬಿಟ್ಟರು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಒಂದೇ ನೆಗೆತ. ಮಾವ ಬರಣಿಯಿಂದ ಮುಖವೆತ್ತಿ, ನೇರವಾಗಿ ನನ್ನನ್ನೇ ನೋಡಿದರು.

“ಉಂಡ್ಳು, ಯವ್ವಾ,” ಎಂದರು.